ಎಂಜಿನ್ ಮೇಲಿನ ಚುಕ್ಕೆ

9 ಜನವರಿ 1996

ಅಕ್ಕಾ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಭಾವನೇ ಎತ್ತಿದರು. "ನಿಮ್ಮಕ್ಕ ಲೇತ್ ಹತ್ರ ಇದ್ದಾಳೆ, ಆಮೇಲೆ ತಾನೇ ಮಾಡ್ತಾಳಂತೆ" ಅಂದರು. ನಿನ್ನ ಆಮೇಲೆ ಬರುವಷ್ಟರಲ್ಲಿ ನನಗೆ ಮೊಮ್ಮಕ್ಕಳಾಗಿರುತ್ತವೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ನಾಲ್ಕು ಹಾಳೆ ಹರಿದು ಹಾಕಿದ್ದನ್ನು ನೋಡಿ ನನ್ನ ಹೆಂಡತಿ ನಗುತ್ತಿದ್ದಾಳೆ. "ನನಗೆ ಬರೆಯೋವಾಗ ಒಂದೇ ಹಾಳೇಲಿ ಮುಗಿಸ್ತಿದ್ರಿ" ಅನ್ನುತ್ತಾಳೆ.

ವಿಷಯ ಇಷ್ಟು. ಏಪ್ರಿಲ್ ಹದಿನಾಲ್ಕರ ಭಾನುವಾರ ಇಲ್ಲಿ ಬೆಟ್ಟದ ರಸ್ತೆಯ ಓಟ ಇದೆ. ನಾಲ್ಕು ಕಿಲೋಮೀಟರ್, ಹನ್ನೊಂದು ತಿರುವು, ಒಬ್ಬೊಬ್ಬರೇ ಓಡಿಸಿ ಸಮಯ ಬರೆಸಿಕೊಳ್ಳುವುದು. ಎರಡು ವರ್ಷದಿಂದ ಹೋಗುತ್ತಿದ್ದೇನೆ, ಎರಡು ವರ್ಷವೂ ಬಾಲದಲ್ಲೇ ಬಂದಿದ್ದೇನೆ. ಡ್ರೈವಿಂಗ್ ಸ್ಕೂಲಿನಲ್ಲಿ ದಿನವಿಡೀ ಕಲಿಯುವವರ ಪಕ್ಕ ಕೂತು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರುತ್ತೇನೆ. ವರ್ಷಕ್ಕೊಂದು ದಿನವಾದರೂ ಆಕ್ಸಿಲರೇಟರ್ ಮೇಲೆ ಕಾಲಿಡುವ ಆಸೆ ಇರಬಾರದೇ? ಈ ಸಲ ನನ್ನ ಹಳೇ ಕಾರಿಗೆ ಟರ್ಬೊ ಹಾಕಬೇಕು. ಒಂದು ಲಾರಿಯದು ಸಿಕ್ಕಿದೆ, ಕುಂಬಳಕಾಯಿ ಗಾತ್ರದ್ದು. ಇದಕ್ಕೆ ಹೊಂದುತ್ತದೆಯಾ? ಇನ್ನೇನೇನು ಬದಲಾಯಿಸಬೇಕು?

ಎಂಜಿನ್ ಜೋಡಿಸುವವರು ಇಲ್ಲೂ ಇದ್ದಾರೆ. ಕೇಳುವವರು ಇಲ್ಲ. ನೀನು ಜೋಡಿಸಿ, ಸ್ಟ್ಯಾಂಡಿನ ಮೇಲೆ ಓಡಿಸಿ, ತಾಮ್ರದ ಕೊಳವೆಯನ್ನು ಬ್ಲಾಕಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟು ಕೇಳುತ್ತೀಯಲ್ಲ, ಒಳಗೆ ಬಡಿಯುವ ನಾಕಿಂಗ್ ಸದ್ದಿಲ್ಲ ಅಂತ ಖಾತ್ರಿಯಾದ ಮೇಲೆ ಎಂಜಿನ್ ನಂಬರಿನ ಪಕ್ಕ ಪಂಚ್ ಇಟ್ಟು ಒಂದು ಚುಕ್ಕೆ ಹೊಡೆಯುತ್ತೀಯಲ್ಲ, ಆ ಚುಕ್ಕೆ ಬೇಕು. ಇಪ್ಪತ್ತೆರಡು ವರ್ಷದಲ್ಲಿ ಚುಕ್ಕೆ ಬಿದ್ದ ಒಂದು ಎಂಜಿನ್ನೂ ಒಡೆದು ವಾಪಸ್ಸು ಬಂದದ್ದಿಲ್ಲ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ನನ್ನ ಹೆಂಡತಿ ಓಟದ ದಿನ ಏಳನೇ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುತ್ತಾಳೆ. ಹೋದ ವರ್ಷ ನಾವು ಕನ್ನಡಕ ಅಂತ ಕರೆಯುವ ಗೆಳೆಯನ ಎಂಜಿನ್ ಒಡೆದದ್ದು ಅವಳ ಕಣ್ಣೆದುರೇ. ಅವನ ಆಯಿಲ್ ಅವನದೇ ಟೈರಿನಡಿ ಸುರಿದು ಕಾರು ಅಂಚು ದಾಟಿ ಹೋಯಿತು. ಇವತ್ತಿಗೂ ಎರಡು ಊರುಗೋಲಿನಲ್ಲಿ ನಡೆಯುತ್ತಾನೆ. "ನಿಮ್ಮಕ್ಕ ಚುಕ್ಕೆ ಹೊಡೆದ್ರೆ ಓಡಿಸಿ, ಇಲ್ದಿದ್ರೆ ಆ ಕಡೆ ತಲೆ ಹಾಕ್ಬೇಡಿ" ಅಂದಿದ್ದಾಳೆ. ಈಗ ನೀನೇ ಗತಿ.

ನಿನ್ನ ತಮ್ಮ


17 ಜನವರಿ

ತಮ್ಮಾ,

ಮೊದಲು ಬೈಗುಳ, ಆಮೇಲೆ ಕೆಲಸ.

ಕುಂಬಳಕಾಯಿ ಗಾತ್ರದ ಟರ್ಬೊ ಅಂತೆ! ತಲೆ ಕೆಟ್ಟಿದೆಯೇನೋ ನಿನಗೆ? ಇಲ್ಲೇ ಹತ್ತು ವರ್ಷ ಕೆಲಸ ಮಾಡಿದವನು ನೀನು. ಎಂಜಿನ್ ಬಿಟ್ಟ ಹೊಗೆಯೇ ಟರ್ಬೊ ಚಕ್ರವನ್ನು ತಿರುಗಿಸಬೇಕು, ಆ ಚಕ್ರವೇ ಹೊಸ ಗಾಳಿಯನ್ನು ಒಳಗೆ ತುರುಕಬೇಕು. ಲಾರಿಯ ಚಕ್ರ ತಿರುಗುವಷ್ಟು ಹೊಗೆ ನಿನ್ನ ಸಾವಿರದ ಆರುನೂರು ಸೀಸಿಯಿಂದ ಎಲ್ಲಿ ಬರಬೇಕು? ತಿರುವಿನಲ್ಲಿ ಕಾಲು ತೆಗೆಯುತ್ತೀ, ಮತ್ತೆ ಒತ್ತುತ್ತೀ, ಅದು ಒಂದು ಎರಡು ಮೂರು ಎಣಿಸಿ ಆಮೇಲೆ ಏಳುತ್ತದೆ. ಅಷ್ಟರಲ್ಲಿ ನೀನು ಮುಂದಿನ ತಿರುವಿನ ನಡುವೆ ಇರುತ್ತೀ, ಶಕ್ತಿಯೆಲ್ಲ ಆಗಲೇ ಒಟ್ಟಿಗೆ ಬಂದು ಒದೆಯುತ್ತದೆ. ಹನ್ನೊಂದು ತಿರುವಿನಲ್ಲಿ ಹನ್ನೊಂದು ಸಲ ಒದೆಸಿಕೊಳ್ಳುವ ಆಸೆಯಿದ್ದರೆ ಹಾಕಿಕೋ.

ನಿನಗೆ ಬೇಕಾದದ್ದು ಚಿಕ್ಕದು, ಪೆಟ್ರೋಲ್ ಕಾರಿನದು, ಎರಡೂವರೆ ಸಾವಿರ ಸುತ್ತಿಗೇ ಎಚ್ಚರಾಗುವಂಥದ್ದು. ನೆಟ್ಟಗಿನ ರಸ್ತೆಯಲ್ಲಿ ಸ್ವಲ್ಪ ಕಡಿಮೆ ಓಡುತ್ತೀ, ಓಡು. ಗಾಳಿಯ ಒತ್ತಡ ಹತ್ತು ಪೌಂಡ್, ಅದರ ಮೇಲೆ ಒಂದು ಕೂದಲೆಳೆಯೂ ಬೇಡ. ಈಗಿರುವ ಪಿಸ್ಟನ್ ಎರಕದವು, ಅವುಗಳನ್ನು ತೆಗೆದು ಫೋರ್ಜ್ ಮಾಡಿದವು, ಅಂದರೆ ಬಡಿದು ಗಟ್ಟಿ ಮಾಡಿದವು, ಹಾಕುತ್ತೇನೆ. ತಲೆ ಸ್ವಲ್ಪ ಗುಳಿ ಇರುವಂಥವು, ಕಂಪ್ರೆಷನ್ ಇಳಿಯಬೇಕಲ್ಲ. ಇಳಿಯದಿದ್ದರೆ ತುರುಕಿದ ಗಾಳಿಯ ಕಾವಿಗೆ ಪೆಟ್ರೋಲ್ ತನ್ನ ಪಾಡಿಗೆ ತಾನೇ ಸಿಡಿಯುತ್ತದೆ. ಅಮ್ಮನ ಬಟನ್ ಡಬ್ಬಿ ಅಲ್ಲಾಡಿಸಿದ ಹಾಗೆ ಸದ್ದು, ಅದೇ ನಾಕಿಂಗ್, ಅದೇ ಪಿಸ್ಟನ್ ಒಡೆಯುವುದು. ನಿನಗೆ ಗೊತ್ತು, ಆದರೆ ಗೊತ್ತಿದ್ದವನು ಕುಂಬಳಕಾಯಿ ತರುತ್ತಿರಲಿಲ್ಲ.

ಪೆಟ್ರೋಲ್ ಚಿಮ್ಮಲು ದೊಡ್ಡ ಇಂಜೆಕ್ಟರ್ ನಾಲ್ಕು, ಹೆಚ್ಚು ಒತ್ತುವ ಪಂಪ್, ಹೆಡ್ಡಿಗೆ ಬೋಲ್ಟ್ ಬದಲು ಸ್ಟಡ್, ಗಾಳಿ ತಣಿಸಲು ಒಂದು ಇಂಟರ್‌ಕೂಲರ್. ಟರ್ಬೊದಿಂದ ಆಯಿಲ್ ವಾಪಸ್ಸಾಗುವ ಪೈಪು ಹೆಬ್ಬೆರಳಿನಷ್ಟು ದಪ್ಪ ಇರಬೇಕು, ನೇರ ಕೆಳಗಿಳಿಯಬೇಕು. ಆಯಿಲ್ ಹೋಗುವಾಗ ಪಂಪಿನ ಬಲದಿಂದ ಹೋಗುತ್ತದೆ, ಬರುವಾಗ ತನ್ನ ಭಾರದಿಂದ ಬರಬೇಕು. ಎಂಜಿನ್ ಇಡಿಯಾಗಿ ಲಾರಿಗೆ ಹಾಕಿ ಕಳಿಸು.

ಇನ್ನು ಮುಂದೆ ಏನಿದ್ದರೂ ಬರೆ, ಫೋನ್ ಬೇಡ. ಅಳತೆಗಳನ್ನು ಫೋನಿನಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವನು ನೀನು. ಚುಕ್ಕೆಯ ಮಾತು ಆಮೇಲೆ ನೋಡೋಣ. ನಾಕಿಂಗ್ ಹಿಡಿಯಲು ಈಗ ಮೀಟರುಗಳು ಬಂದಿವೆಯಂತೆ. ನಿಮ್ಮ ಕಡೆ ಯಾರಾದರೂ ಇಟ್ಟಿದ್ದಾರಾ ಸ್ವಲ್ಪ ವಿಚಾರಿಸು.

ಅಕ್ಕ


27 ಜನವರಿ

ಅಕ್ಕಾ,

ಕುಂಬಳಕಾಯಿ ವಾಪಸ್ಸು ಹೋಯಿತು. ನೀನು ಹೇಳಿದಂಥ ಚಿಕ್ಕದೇ ಸಿಕ್ಕಿದೆ, ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿದೆ, ಪಕ್ಕಕ್ಕೆ ಆಟವಿಲ್ಲ. ಉಳಿದ ಸಾಮಾನನ್ನೂ ಒಂದೊಂದಾಗಿ ಹೊಂದಿಸಿಕೊಂಡೆ. ಸೋಮವಾರ ಎಂಜಿನ್ ಜೊತೆಗೇ ಲಾರಿಗೆ ಹಾಕುತ್ತೇನೆ.

ಆದರೆ ಮೀಟರ್ ಅಂತ ಬರೆದೆಯಲ್ಲ, ಅದನ್ನು ಓದಿ ನನಗೆ ಒಂಥರಾ ಆಯಿತು. ಮೀಟರ್ ಇಟ್ಟುಕೊಂಡವರನ್ನೆಲ್ಲ ಕಿವುಡರ ಸಂಘ ಅಂತ ಆಡಿಕೊಳ್ಳುತ್ತಿದ್ದವಳು ನೀನೇ ಅಲ್ಲವಾ? ನೇರವಾಗಿ ಕೇಳುತ್ತೇನೆ. ನನ್ನ ಮೇಲೆ ಇನ್ನೂ ಸಿಟ್ಟಿದೆಯಾ? ಆರು ವರ್ಷದ ಹಿಂದೆ ವರ್ಕ್‌ಶಾಪ್ ಬಿಟ್ಟು ಹೊರಟಾಗ ನೀನು ಗೇಟಿನ ತನಕ ಬರಲಿಲ್ಲ. ಹೋದ ವರ್ಷ ನಾವು ಬಂದಾಗಲೂ ನಾನು ಮಾತಾಡುತ್ತಲೇ ಇದ್ದೆ, ನೀನು ಬೆನ್ನು ತಿರುಗಿಸಿ ಬೇರಿಂಗ್ ತೊಳೆಯುತ್ತಲೇ ಇದ್ದೆ. ಒಂದು ಹೂಂ ಕೂಡ ಅನ್ನಲಿಲ್ಲ. ಹೆಂಡತಿ ರೈಲಿನಲ್ಲಿ ಕೇಳಿದಳು, "ನಿಮ್ಮಕ್ಕಂಗೆ ನಾವು ಬಂದಿದ್ದು ಇಷ್ಟವಾಗ್ಲಿಲ್ವಾ?" ಅಂತ. ನಾನು ಏನು ಹೇಳಲಿ?

ಸಿಟ್ಟಿದ್ದರೆ ಬೈದುಬಿಡು. ಮೌನ ತಡೆಯಲಾಗುವುದಿಲ್ಲ. ಸಿಟ್ಟಿಲ್ಲದಿದ್ದರೆ ಏಪ್ರಿಲ್ಲಿನಲ್ಲಿ ನೀನೇ ಬಾ, ಬೆಟ್ಟದ ಮೇಲೆ ಪಕ್ಕದ ಸೀಟಿನಲ್ಲಿ ಕೂತು ಕೇಳು. ಕಿಟಕಿ ಪಕ್ಕದ ಮಂಚ ನಿನಗೇ.

ತಮ್ಮ


12 ಫೆಬ್ರವರಿ

ತಮ್ಮಾ,

ಎಂಜಿನ್ ಬಂತು. ಲಾರಿ ಡ್ರೈವರ್ ಏನೋ ಹೇಳಿದ, ನಾನು ಆಯ್ತು ಆಯ್ತು ಅಂತ ತಲೆಯಾಡಿಸಿದೆ. ನೋಡಿದರೆ ಅವನು ಕೇಳಿದ್ದು ಎಂಜಿನ್ ಇಲ್ಲೇ ಗೇಟಿನ ಹೊರಗೆ ಇಳಿಸಲಾ ಅಂತ! ಇಳಿಸಿ ಹೋಗಿಯೇಬಿಟ್ಟ. ಅದನ್ನು ಒಳಗೆ ತರಲು ನಿನ್ನ ಭಾವ ಮತ್ತು ಪಕ್ಕದ ಬಡಗಿ ಸೇರಿ ಅರ್ಧ ದಿನ ತಿಣುಕಿದರು. ನಿನ್ನ ಭಾವನ ಸೊಂಟ ಹಿಡಿದಿದೆ, ಬಾಯಿ ಮಾತ್ರ ನಿಂತಿಲ್ಲ. ರೇಡಿಯೊ ಇಷ್ಟು ಜೋರಾಗಿ ಇಡಬೇಡ ಅಂತ ಈಗ ಅದಕ್ಕೂ ಜಗಳ.

ಬಿಚ್ಚಿ ನೋಡಿದೆ. ಪಿಸ್ಟನ್ ಓಡಾಡುವ ಬೋರುಗಳು ಚೆನ್ನಾಗಿವೆ, ಮೂರನೆಯದು ಮಾತ್ರ ಒಂದು ಕೂದಲು ಅಂಡಾಕಾರ. ನಾಲ್ಕನ್ನೂ ಒಂದು ಸೈಜು ಮೇಲಕ್ಕೆ ಕೊರೆಯುತ್ತೇನೆ. ಬೇರಿಂಗ್ ಶೆಲ್ಲುಗಳು ಸವೆದಿವೆ, ಹೊಸವು. ನೀನು ಕಳಿಸಿದ ಆಯಿಲ್ ಪೈಪು ಮಧ್ಯದಲ್ಲಿ ಸೊಂಡಿಲಿನ ಹಾಗೆ ಮೇಲೇಳುತ್ತದೆ, ನಾನು ಬರೆದದ್ದನ್ನು ಓದಿದೆಯೋ ಇಲ್ಲವೋ? ಬೇರೆ ಬಾಗಿಸಿದೆ.

ಸಿಟ್ಟು ಅಂತ ಬರೆದೆಯಲ್ಲ. ನನಗೆ ಯಾವ ಸಿಟ್ಟೂ ಇಲ್ಲ. ಆವತ್ತು ಗೇಟಿಗೆ ಬಂದಿದ್ದರೆ ಅಳುತ್ತಿದ್ದೆ, ಅದಕ್ಕೆ ಬರಲಿಲ್ಲ. ಹೋದ ವರ್ಷ ನೀನು ಮಾತಾಡಿದ್ದು ನನಗೆ, ಬೇರಿಂಗ್ ತೊಳೆಯುವ ಗಲಾಟೆಯಲ್ಲಿ, ಗಮನಕ್ಕೆ ಬಂದಿರಲಿಕ್ಕಿಲ್ಲ. ನಿನ್ನ ಹೆಂಡತಿಗೆ ತಪ್ಪು ತಿಳಿಯಬೇಡ ಅಂತ ಹೇಳು.

ಏಪ್ರಿಲ್ಲಿಗೆ ಬರಲು ಆಗುವುದಿಲ್ಲ. ಕೆಲಸ ತಲೆಯ ಮೇಲಿದೆ. ಮೀಟರ್ ವಿಚಾರಿಸಿದೆಯಾ?

ಅಕ್ಕ


3 ಮಾರ್ಚ್

ಅಕ್ಕಾ,

ಮೀಟರ್ ಇಲ್ಲಿ ಯಾರ ಹತ್ತಿರವೂ ಇಲ್ಲ. ನನಗದು ಬೇಕಾಗಿಯೂ ಇಲ್ಲ. ಹೆಸರು ಬರೆಸಿ ಬಂದೆ, ನನ್ನ ನಂಬರ್ ಹತ್ತೊಂಬತ್ತು. ಓಟಕ್ಕೆ ಇನ್ನು ಆರು ವಾರ. ಎಂಜಿನ್ ಯಾವಾಗ ಬರುತ್ತದೆ?

ಖಾಲಿ ಬಾನೆಟ್ ಎತ್ತಿ ದಿನಾ ನೋಡುತ್ತೇನೆ.  ಕನ್ನಡಕ ನಿನ್ನೆ ಸ್ಕೂಲಿಗೆ ಬಂದಿದ್ದ. "ನನ್ನ ಎಂಜಿನ್ನೂ ಚೆನ್ನಾಗೇ ಇತ್ತಪ್ಪಾ" ಅಂದ. ಅಷ್ಟೇ ಅಂದು ಊರುಗೋಲು ಎತ್ತಿಕೊಂಡು ಹೋದ. ಅವನಿಗೆ ನನ್ನ ಅಕ್ಕನಂಥ ಅಕ್ಕ ಇರಲಿಲ್ಲ ಅಂತ ಹೆಂಡತಿಗೆ ಹೇಳಿದೆ. ಅವಳು "ಚುಕ್ಕೆ ತೋರಿಸಿ ಆಮೇಲೆ ಹೇಳಿ" ಅಂದಳು.

ಎರಡು ಸಾಲಾದರೂ ಬರೆ.

ತಮ್ಮ


15 ಮಾರ್ಚ್

ತಮ್ಮಾ,

ಎಂಜಿನ್ ನಾಳೆ ಲಾರಿಗೆ. ಸ್ಟ್ಯಾಂಡಿನ ಮೇಲೆ ಆರು ಗಂಟೆ ಓಡಿಸಿದ್ದೇನೆ, ಭಾರ ಹಾಕಿ ಒಂದು ಗಂಟೆ. ಹತ್ತು ಪೌಂಡಿನಲ್ಲಿ ನಾಕಿಂಗ್ ಇಲ್ಲ.

ಟರ್ಬೊ ಪಕ್ಕದಲ್ಲಿ ಒತ್ತಡ ಮಿತಿ ದಾಟದಂತೆ ಹೊಗೆಯನ್ನು ಹೊರಗೆ ಬಿಡುವ ಸಣ್ಣ ಕದ ಇದೆಯಲ್ಲ, ಅದನ್ನು ಎಳೆಯುವ ಕಡ್ಡಿಯ ನಟ್ಟಿಗೆ ಕೆಂಪು ಬಣ್ಣ ಬಳಿದಿದ್ದೇನೆ. ಅದನ್ನು ಮುಟ್ಟಬೇಡ. ಮೊದಲ ಮುನ್ನೂರು ಕಿಲೋಮೀಟರ್ ಮೆಲ್ಲಗೆ. ಆಮೇಲೆ ಆಯಿಲ್ ಬದಲಿಸು. ಓಡಿಸಿ ಬಂದ ಮೇಲೆ ತಕ್ಷಣ ಆಫ್ ಮಾಡಬೇಡ, ಎರಡು ನಿಮಿಷ ಹಾಗೇ ಬಿಡು.

ಚುಕ್ಕೆ ಹೊಡೆದಿದ್ದೇನೆ.

ಅಕ್ಕ


30 ಮಾರ್ಚ್

ಅಕ್ಕಾ, ಅಕ್ಕಾ, ಅಕ್ಕಾ!

ಏನು ಎಂಜಿನ್ ಮಾಡಿದ್ದೀಯೇ! ಮುನ್ನೂರು ಕಿಲೋಮೀಟರ್ ಮದುಮಗಳನ್ನು ಕೂರಿಸಿಕೊಂಡ ಹಾಗೆ ಓಡಿಸಿದೆ. ಆಮೇಲೆ ಒಂದು ಬೆಳಗ್ಗೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. ಕಾಯಿಸುವುದಿಲ್ಲ, ಸತಾಯಿಸುವುದಿಲ್ಲ, ಒತ್ತಿದರೆ ಹೊರಟೇಬಿಡುತ್ತದೆ. ನೀನು ಹೇಳಿದ್ದೇ ಸರಿ, ಕುಂಬಳಕಾಯಿ ಹಾಕಿದ್ದರೆ ನಾನೊಬ್ಬ ಪೆದ್ದ.

ಹೆಂಡತಿ ಬ್ಯಾಟರಿ ದೀಪ ಬಿಟ್ಟು ಚುಕ್ಕೆ ಹುಡುಕಿ ಬೆರಳಿಟ್ಟು ನೋಡಿದಳು. "ಸರಿ, ಓಡಿಸಿ" ಅಂದಳು. ಆವತ್ತು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಇನ್ನೊಂದು ಚಿಕ್ಕ ವಿಷಯ. ಮಂಗಳವಾರದಿಂದ ಪೂರ್ತಿ ಒತ್ತಿದಾಗ ಮಾತ್ರ, ಅದೂ ಏರಿನಲ್ಲಿ, ಒಂದು ಚಿಟಿಚಿಟಿ ಸದ್ದು. ಕಾಲು ತೆಗೆದರೆ ಇಲ್ಲ. ಬೇರೆ ಎಂಜಿನ್ ಆಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದೆ. ನೀನು ಕೇಳಿ ಚುಕ್ಕೆ ಹೊಡೆದದ್ದು, ಅಂದ ಮೇಲೆ ಅದಲ್ಲ. ಸೈಲೆನ್ಸರ್ ಕ್ಲಿಪ್ ಇರಬೇಕು, ಬಿಗಿ ಮಾಡಿದ್ದೇನೆ.

ಸುಮ್ಮನೆ ಕೇಳುತ್ತೇನೆ, ಬೈಯಬೇಡ. ಹತ್ತು ಪೌಂಡ್ ಅಂದೆಯಲ್ಲ, ಅದರ ಮೇಲೆ ಎಷ್ಟು ಜಾಗ ಬಿಟ್ಟಿರುತ್ತೀ? ನೀನು ಯಾವಾಗಲೂ ಕೈ ಬಿಗಿಹಿಡಿದೇ ಕೊಡುವವಳು, ಅದಕ್ಕೆ ಕೇಳಿದೆ.

ನಾವಿಬ್ಬರೂ ಎಂಟರಂದೇ ಬೆಟ್ಟಕ್ಕೆ ಹೋಗಿ ಬಿಡಾರ ಹೂಡುತ್ತೇವೆ. ಅದಕ್ಕೆ ಮೊದಲು ಉತ್ತರ ಬಂದರೆ ಒಳ್ಳೆಯದು.

ತಮ್ಮ


8 ಏಪ್ರಿಲ್

ತಮ್ಮಾ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಚಿಟಿಚಿಟಿ ಅಂತ ಓದಿದ ಕೂಡಲೇ ಲೇತ್ ನಿಲ್ಲಿಸಿ ಬರೆಯಲು ಕೂತೆ. ಅದು ಕ್ಲಿಪ್ ಅಲ್ಲ ಕಣೋ. ಪೂರ್ತಿ ಒತ್ತಿದಾಗ, ಏರಿನಲ್ಲಿ, ಕಾಲು ತೆಗೆದರೆ ಇಲ್ಲ. ಅದು ನಾಕಿಂಗ್. ಕಾರು ಓಡಿಸಬೇಡ.

ನನಗೆ ಕೇಳಿಸುವುದಿಲ್ಲ. ಇದನ್ನು ಬರೆಯುವುದಕ್ಕೆ ಎರಡು ವರ್ಷ ಬೇಕಾಯಿತು. ಮೊದಲು ಸಣ್ಣ ಸದ್ದುಗಳು ಹೋದವು. ಕೆಟಲಿನ ಸಿಳ್ಳೆ, ಗೇಟಿನ ಚಿಲಕ. ಆಮೇಲೆ ಹಿಂದಿನಿಂದ ಯಾರು ಮಾತಾಡಿದರೂ ಅರ್ಥವಾಗುತ್ತಿರಲಿಲ್ಲ. ಫೋನಿನಲ್ಲಂತೂ ಬರೀ ಗೊಜಗೊಜ. ಅದಕ್ಕೇ ನಿನ್ನ ಫೋನ್ ಎತ್ತುತ್ತಿರಲಿಲ್ಲ. ಹೋದ ವರ್ಷ ನೀನು ಬಂದು ನನ್ನ ಬೆನ್ನ ಹಿಂದೆ ಏನೇನು ಮಾತಾಡಿದೆಯೋ, ನನಗೊಂದೂ ಗೊತ್ತಿಲ್ಲ. ಅದನ್ನು ನೀನು ಸಿಟ್ಟು ಅಂದುಕೊಂಡೆ. ನೀನು ಕೇಳುವ ತನಕ ನಾನೂ ಹಾಗೇ ಅಂದುಕೊಂಡಿರು ಅಂತ ಬಿಟ್ಟೆ. ಕಿವಿ ಹೋಗಿದೆ ಅನ್ನುವುದಕ್ಕಿಂತ ಸಿಟ್ಟಿದೆ ಅನ್ನಿಸಿಕೊಳ್ಳುವುದೇ ಮೇಲು ಅನ್ನಿಸಿತ್ತು. ಈ ಊರಿನಲ್ಲಿ ಇಪ್ಪತ್ತೆರಡು ವರ್ಷ ನನ್ನ ಕಿವಿಯನ್ನು ನಂಬಿ ಜನ ಎಂಜಿನ್ ತಂದಿಟ್ಟಿದ್ದಾರೆ. ಕಿವಿ ಇಲ್ಲ ಅಂದರೆ ನಾನು ಯಾರು?

ಆವತ್ತು ಕೊಳವೆ ಒತ್ತಿ ಕಿವಿಗಿಟ್ಟೆ. ನಿಶ್ಶಬ್ದ. ಅದು ಎಂಜಿನ್ನಿನ ನಿಶ್ಶಬ್ದವೋ ನನ್ನದೋ ನನಗೆ ತಿಳಿಯಲಿಲ್ಲ. ಹೆದರಿಕೆಯಾಗಿ, ಕಿಡಿ ತಡವಾಗಿ ಹತ್ತಿದರೆ ನಾಕಿಂಗ್ ಬರುವುದಿಲ್ಲ ಅಂತ, ಸ್ಪಾರ್ಕನ್ನು ಮೂರು ಡಿಗ್ರಿ ಹಿಂದೆ ತಳ್ಳಿದೆ, ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ನಾಕಿಂಗ್ ಆಗಿದ್ದರೆ ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಕಣಗಳು ಕಾಳುಮೆಣಸಿನ ಪುಡಿ ಹಾಗೆ ಕಾಣಬೇಕು. ಕಾಣಲಿಲ್ಲ. ಆದರೂ ಕಣ್ಣಿನಿಂದ ನೋಡಿದ್ದಕ್ಕೆ ನಾನು ಯಾವತ್ತೂ ಚುಕ್ಕೆ ಹೊಡೆದವಳಲ್ಲ. ಪಂಚ್ ಹಿಡಿದು ತುಂಬಾ ಹೊತ್ತು ನಿಂತೆ. ನಿನ್ನ ಹೆಂಡತಿ ಹೇಳಿದ್ದು ನೆನಪಾಯಿತು, ಚುಕ್ಕೆ ಇಲ್ಲದಿದ್ದರೆ ನೀನು ಓಡಿಸುವ ಹಾಗಿಲ್ಲ. ಇಲ್ಲ ಅಂದರೆ ಯಾಕೆ ಅಂತ ಕೇಳುತ್ತೀ. ಹೊಡೆದುಬಿಟ್ಟೆ.

ನೀನು ನಿನ್ನ ಕಿವಿಯಾರೆ ಕೇಳಿಯೂ ನನ್ನ ಚುಕ್ಕೆಯನ್ನು ನಂಬಿದೆ. ಪಾಪಿ ನಾನು. ಕೈಮುಗಿದು ಕೇಳುತ್ತೇನೆ, ಓಡಿಸಬೇಡ.

ನಿನ್ನ ಭಾವನಿಗೆ ಈಗಷ್ಟೇ ಹೇಳಿದೆ. ಅವರು ಎದ್ದು ಹೋಗಿ ನಿನ್ನ ಮನೆಯ ನಂಬರ್ ತಿರುಗಿಸುತ್ತಿದ್ದಾರೆ.

ಅಕ್ಕ


10 ಏಪ್ರಿಲ್
(ಬೆಟ್ಟದ ಓಟದ ಕಚೇರಿ, ಸ್ಪರ್ಧಿ ನಂಬರ್ ಹತ್ತೊಂಬತ್ತು)

ತಮ್ಮಾ,

ಎರಡು ದಿನದಿಂದ ನಿನ್ನ ಮನೆಗೆ ಫೋನ್ ಹೊಡೆದುಕೊಳ್ಳುತ್ತಲೇ ಇದೆಯಂತೆ. ಬೆಟ್ಟದ ಕಚೇರಿಗೆ ಫೋನೇ ಇಲ್ಲವಂತೆ. ಎಂಜಿನ್ ತಂದಿದ್ದ ಲಾರಿಯವನೇ ಆ ಕಡೆ ಹೊರಟಿದ್ದಾನೆ, ಅವನ ಕೈಗೆ ಕೊಡುತ್ತಿದ್ದೇನೆ. ನನ್ನನ್ನೂ ಕರೆದುಕೊಂಡು ಹೋಗು ಅಂದೆ, ಮುಂದೆ ಆಗಲೇ ಮೂರು ಜನ ಕೂತಿದ್ದಾರೆ.

ಭಾನುವಾರ ಓಡಿಸಬೇಡ. ಆ ಚುಕ್ಕೆ ಸುಳ್ಳು. ನಾನು ಕೇಳಿರಲಿಲ್ಲ, ನನಗೆ ಕಿವಿ ಕೇಳಿಸುವುದಿಲ್ಲ. ನಿನಗೆ ಕೇಳಿಸುತ್ತಿರುವ ಸದ್ದು ನಾಕಿಂಗೇ. ಮುಂದಿನ ರೈಲು ಶುಕ್ರವಾರ, ಅದಕ್ಕೆ ನಾನೇ ಬರುತ್ತಿದ್ದೇನೆ. ನಾನು ಬರುವವರೆಗೆ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟಿರು.

ಅಕ್ಕ


17 ಏಪ್ರಿಲ್

ಅಕ್ಕಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕೋಳಿಕಾಲಿನ ಅಕ್ಷರ ಸಹಿಸಿಕೋ. ಬಲ ಮುಂಗೈ ಮುರಿದಿದೆ, ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ. ಉಳಿದದ್ದೆಲ್ಲ ನೆಟ್ಟಗಿದೆ. ಇಷ್ಟನ್ನು ನನ್ನ ಹೆಂಡತಿ ಶುಕ್ರವಾರವೇ ಫೋನಿನಲ್ಲಿ ಭಾವನಿಗೆ ಹೇಳಿದ್ದಳು. ನೀನು ರೈಲಿಗೆ ಹೊರಟು ನಿಂತವಳು ಬ್ಯಾಗ್ ಕೆಳಗಿಟ್ಟುಬಿಟ್ಟೆಯಂತೆ. "ಯಾವ ಮುಖ ಇಟ್ಕೊಂಡು ಹೋಗ್ಲಿ" ಅಂದೆಯಂತೆ. ವರ್ಕ್‌ಶಾಪಿಗೆ ಬೀಗ ಹಾಕಿದ್ದೀಯಂತೆ. ಭಾವ ಹೇಳಿದರು.

ನಿನ್ನ ಲಾರಿಯ ಚೀಟಿ ನನಗೆ ಸಿಕ್ಕಿದ್ದು ಶನಿವಾರ, ಆಸ್ಪತ್ರೆಯಲ್ಲಿ. ಕಚೇರಿಯವರು ಗುರುವಾರವೇ ಇಸಿದುಕೊಂಡು ಭಾನುವಾರ ಕೊಡೋಣ ಅಂತ ಹತ್ತೊಂಬತ್ತನೇ ಖಾನೆಯಲ್ಲಿ ಇಟ್ಟಿದ್ದರು. ಅಷ್ಟರಲ್ಲಿ ಶುಕ್ರವಾರದ ಅಭ್ಯಾಸದ ಓಟ ಮುಗಿದಿತ್ತು. ದೊಡ್ಡ ಕಾಗದ ಮನೆಗೆ ಬಂದ ಮೇಲೆ ಓದಿದೆ. ನಾಲ್ಕು ಸಲ ಓದಿದೆ.

ಈಗ ನಾನು ಹೇಳುವುದನ್ನು ಓದು. ಅರ್ಧಕ್ಕೆ ನಿಲ್ಲಿಸಬೇಡ.

ಶುಕ್ರವಾರ ಐದನೇ ತಿರುವು ದಾಟಿದ ಮೇಲೆ ಸದ್ದು ಬಂತು. ಚಿಟಿಚಿಟಿ ಅಲ್ಲ, ಹೆಲ್ಮೆಟ್ಟಿನ ಒಳಗೂ ಕೇಳಿತು. ನಾನು ಕಾಲು ತೆಗೆಯಲಿಲ್ಲ. ಆರನೆಯದೂ ದಾಟಿತು. ಏಳಕ್ಕೆ ಮೊದಲು ಧಡ್ ಅಂತ ಒಂದು ಏಟು, ಕನ್ನಡಿಯಲ್ಲಿ ನೀಲಿ ಹೊಗೆ, ಆಮೇಲೆ ಹಿಂದಿನ ಚಕ್ರಗಳು ನನ್ನ ಮಾತು ಕೇಳಲಿಲ್ಲ. ಕಾರು ಎರಡು ಸುತ್ತು ತಿರುಗಿ ಒಳಬದಿಯ ದಿಬ್ಬಕ್ಕೆ ಬಡಿದು ನಿಂತಿತು. ಹೊರಬದಿಗೆ ತಿರುಗಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಹೆಂಡತಿ ಬಾವುಟ ಎಸೆದು ಓಡಿಬಂದಳು. ಬಾಗಿಲು ಎಳೆಯುವಾಗ ಅವಳ ಮುಖ ನೋಡಿದೆ ಅಕ್ಕಾ, ಮರೆಯಲು ಆಗುವುದಿಲ್ಲ.

ಮೂರನೇ ಪಿಸ್ಟನ್ ಅಂಚು ಒಡೆದಿದೆ. ನಿನ್ನ ಚೀಟಿ ಓದಿ ಅವಳು ಅಂದಳು, "ಅವರು ಸುಳ್ಳು ಚುಕ್ಕೆ ಹೊಡೆದ್ರಲ್ಲ, ನಿಮ್ಮ ಪ್ರಾಣ ಹೋಗಿದ್ರೆ?" ಸಂಘಟಕರೂ ಅದನ್ನೇ ಬರೆದುಕೊಂಡರು. ನಾನು ಮೂರು ದಿನ ಸುಮ್ಮನಿದ್ದೆ. ನೀನೇ ಎಲ್ಲವನ್ನೂ ಮೈಮೇಲೆ ಎಳೆದುಕೊಂಡಿದ್ದೀ, ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೇ ಇದ್ದುಬಿಡೋಣ ಅಂತಲೂ ಅನ್ನಿಸಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಕೆಂಪು ಬಣ್ಣ ಕೆರೆದವನು ನಾನು. ಮಾರ್ಚ್ ಇಪ್ಪತ್ನಾಲ್ಕು, ಭಾನುವಾರ. ಕಡ್ಡಿಯ ನಟ್ಟನ್ನು ಎರಡೂವರೆ ಸುತ್ತು ಬಿಗಿದೆ. ಹೊಗೆ ಬಿಡುವ ಕದ ತಡವಾಗಿ ತೆರೆದು ಹತ್ತು ಇದ್ದದ್ದು ಹದಿಮೂರಾಯಿತು. ಆಮೇಲೆ ಹೆಂಡತಿಯ ಉಗುರಿನ ಬಣ್ಣ ತೆಗೆದು ಮತ್ತೆ ಬಳಿದೆ. ಸದ್ದು ಬಂದದ್ದು ಮಂಗಳವಾರ. ನಟ್ಟು ಮುಟ್ಟುವ ಮೊದಲು ನಿನ್ನ ಹತ್ತು ಪೌಂಡಿನಲ್ಲಿ ಎರಡು ದಿನ ಓಡಿಸಿದ್ದೆ, ಏರಿನಲ್ಲಿ, ಪೂರ್ತಿ ಒತ್ತಿ. ಒಂದು ಚೂರೂ ಸದ್ದಿರಲಿಲ್ಲ. ನಿನ್ನ ಎಂಜಿನ್ ಸರಿಯಾಗಿತ್ತು. ಅಕ್ಕ ಚುಕ್ಕೆ ಹೊಡೆದಿದ್ದಾಳೆ, ಅವಳ ಹತ್ತು ಅಂದರೆ ನಿಜಕ್ಕೂ ಹದಿನೈದು ತಡೆಯುತ್ತದೆ ಅಂದುಕೊಂಡೆ. ನಿನ್ನನ್ನು ನಂಬಿದೆ ಅಂತ ಹೇಳಿಕೊಂಡು ನಿನ್ನ ಮಾತನ್ನೇ ಮೀರಿದೆ.

ಇವತ್ತು ಬೆಳಗ್ಗೆ ಹೆಂಡತಿಗೂ ಹೇಳಿದೆ. ಅವಳು ಉಗುರುಬಣ್ಣದ ಬಾಟಲಿ ತಂದು ನನ್ನ ಎದುರಿಗಿಟ್ಟು ಹೊರಗೆ ಹೋದಳು. ಇನ್ನೂ ಮಾತಾಡಿಲ್ಲ. ಸಂಘಟಕರಿಗೂ ಬರೆದಿದ್ದೇನೆ, ಇನ್ನು ಓಟಕ್ಕೆ ನನ್ನನ್ನು ಸೇರಿಸುವುದಿಲ್ಲ. ಅದು ಹಾಳಾಗಿ ಹೋಗಲಿ. ಒಡೆದ ಪಿಸ್ಟನ್ ಪಾರ್ಸೆಲ್ ಮಾಡಿದ್ದೇನೆ. ನನ್ನ ಮಾತು ನಂಬದಿದ್ದರೆ ಅದನ್ನು ನೋಡು. ಬೀಗ ತೆಗಿ ಅಕ್ಕಾ. ನಾನು ಬಂದು ಕಾಲಿಗೆ ಬೀಳಬೇಕಾ, ಬೀಳುತ್ತೇನೆ.

ತಮ್ಮ


23 ಏಪ್ರಿಲ್

ತಮ್ಮಾ,

ಹದಿಮೂರು! ಎರಡೂವರೆ ಸುತ್ತು! ಉಗುರುಬಣ್ಣ! ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದು ನಾನು ಕೂಗಿದ ಕೂಗಿಗೆ ಪಕ್ಕದ ಬಡಗಿ ಉಳಿ ಹಿಡಿದುಕೊಂಡೇ ಓಡಿಬಂದನಂತೆ. ಆಮೇಲೆ ಕೂತು ಅತ್ತೆ. ನಿನ್ನ ಮೇಲಿನ ಸಿಟ್ಟಿಗೋ, ನೀನು ಉಳಿದದ್ದಕ್ಕೋ, ನನಗೇ ಗೊತ್ತಾಗಲಿಲ್ಲ.

ಪಿಸ್ಟನ್ ಬಂತು, ಭೂತಗನ್ನಡಿ ಇಟ್ಟು ನೋಡಿದೆ. ಮೇಲಂಚು ಮರಳು ಹೊಡೆದ ಹಾಗೆ ತಿಂದುಹೋಗಿದೆ, ಎರಡನೇ ರಿಂಗಿನ ತನಕ ಚೂರಾಗಿದೆ. ಒಂದು ದಿನದ್ದಲ್ಲ, ವಾರಗಟ್ಟಲೆ ಹದಿಮೂರರಲ್ಲಿ ಬಡಿದದ್ದು. ನೀನು ಹೇಳಿದ್ದು ನಿಜ. ಆದರೆ ನನ್ನನ್ನು ಅಷ್ಟು ಸುಲಭವಾಗಿ ಬಿಡಿಸಬೇಡ. ಎಂಜಿನ್ ಸರಿಯಿದ್ದದ್ದು ನಾನು ಕೇಳಿದ್ದರಿಂದಲ್ಲ, ಹೆದರಿ ಮೂರು ಡಿಗ್ರಿ ಹಿಂದೆ ತಳ್ಳಿದ್ದರಿಂದ. ಕೇಳಿಸಲಿಲ್ಲ ಅಂತ ಒಂದು ಸಾಲು ಬರೆದಿದ್ದರೆ ನೀನು ಆ ನಟ್ಟಿಗೆ ಕೈ ಹಾಕುತ್ತಿದ್ದೆಯಾ? ಹಾಕುತ್ತಿರಲಿಲ್ಲ. ಅದು ನನ್ನ ಪಾಲು, ನನಗೇ ಇರಲಿ. ನಿನ್ನ ಪಾಲಿಗೆ ನೀನು ಬಂದಾಗ ಇದೆ.

ಶನಿವಾರ ನಿನ್ನ ಭಾವ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೋದದ್ದು ಬರುವುದಿಲ್ಲವಂತೆ. ಕಿವಿಗೆ ಹಾಕುವ ಯಂತ್ರ ಕೊಡುತ್ತಾರೆ, ಎದುರಿಗಿರುವವರ ಮಾತು ಕೇಳಿಸುತ್ತದಂತೆ. ಆ ಸದ್ದು ಕೇಳಿಸುತ್ತದಾ ಅಂತ ಕೇಳಿದೆ. ಡಾಕ್ಟರಿಗೆ ಯಾವ ಸದ್ದು ಅಂತ ಅರ್ಥವಾಗಲಿಲ್ಲ. ನಿನ್ನ ಭಾವ ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿ ಎತ್ತಿ ಅಲ್ಲಾಡಿಸಿ ತೋರಿಸಿದರು. ಅವರ ಕೈ ಅಲ್ಲಾಡುವುದು ಕಂಡಿತು, ಅಷ್ಟೇ.

ಬೀಗ ತೆಗೆದಿದ್ದೇನೆ. ಗಿರಾಕಿಗಳಿಗೆಲ್ಲ ಹೇಳಿಬಿಟ್ಟೆ, ಇನ್ನು ಚುಕ್ಕೆ ಇಲ್ಲ, ಜೋಡಿಸಿ ಕೊಡುತ್ತೇನೆ, ಮೀಟರ್ ತರಿಸುತ್ತೇನೆ, ಇಷ್ಟವಿದ್ದರೆ ಇಡಿ. ಇಬ್ಬರು ಎಂಜಿನ್ ಹೊತ್ತುಕೊಂಡು ಹೋದರು. ಒಬ್ಬ ಮುದುಕ ಮಾತ್ರ ಹೋಗಲಿಲ್ಲ. ಏನೋ ಹೇಳಿದ, ನನಗೆ ತಿಳಿಯಲಿಲ್ಲ. "ಇನ್ನೊಂದ್ಸಲ ಹೇಳಿ, ನಂಗೆ ಕೇಳ್ಸಲ್ಲ" ಅಂದೆ. ಬದುಕಿನಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂತು.  ಅವನು ಹತ್ತಿರ ಬಂದು ನಿಧಾನವಾಗಿ ಹೇಳಿದ, ಮುಂದಿನ ತಿಂಗಳು ಬರುತ್ತೇನೆ ಅಂತ.

ನಿನ್ನ ಹೆಂಡತಿ ಮಾತಾಡದಿದ್ದರೆ ನೀನೂ ಅವಸರ ಮಾಡಬೇಡ. ಕೈಯ ಪ್ಲಾಸ್ಟರ್ ತೆಗೆದ ಮೇಲೆ ಇಬ್ಬರೂ ಬನ್ನಿ. ಉಳಿದ ಮೂರು ಪಿಸ್ಟನ್ ತೆಗೆದುಕೊಂಡು ಬಾ, ಅವನ್ನೂ ನೋಡಬೇಕು. ಹೋದ ವರ್ಷ ನನ್ನ ಬೆನ್ನ ಹಿಂದೆ ನಿಂತು ಅಷ್ಟೊತ್ತು ಏನು ಹೇಳಿದೆ ಅಂತಲೂ ನನಗೆ ಗೊತ್ತಾಗಬೇಕು, ಒಂದು ಮಾತು ಬಿಡದೆ ಮತ್ತೆ ಹೇಳು.

ಬಂದಾಗ ಬಾಗಿಲಿನಿಂದ ಕರೆಯಬೇಡ. ನನಗೆ ಕೇಳಿಸುವುದಿಲ್ಲ. ಒಳಗೆ ಬಂದು ನನ್ನ ಎದುರಿಗೆ ನಿಲ್ಲು.

ಅಕ್ಕ